ನೆಲದಡಿಯ ಮಡಕೆಗಳು

ಬಿಂದುಶ್ರೀ ಶಾಲೆಗೆ ಮರಳಿದ ದಿನ ಯಾರೂ ಅವಳನ್ನು ಏನೂ ಕೇಳಲಿಲ್ಲ. ಹಿಂದಿನ ದಿನವೇ ವನಜಾಕ್ಷಿ ಮೇಡಂ ಎಲ್ಲ ತರಗತಿಗಳಿಗೂ ಹೋಗಿ, ಬಿಂದುಶ್ರೀ ಮಿಸ್ ಹತ್ತಿರ ಪಾಪು ವಿಷಯ ಎತ್ತಬಾರದು ಎಂದು ಮಕ್ಕಳಿಗೆ ಹೇಳಿಟ್ಟಿದ್ದರು. ಹಾಗಾಗಿ ಆರನೇ ತರಗತಿಯ ಮಕ್ಕಳು ಎದ್ದು ನಮಸ್ತೆ ಹೇಳಿ, ಅವಳ ಹೊಟ್ಟೆಯ ಕಡೆ ಒಮ್ಮೆ ನೋಡಿ, ಕೂತು ಪುಸ್ತಕ ತೆರೆದವು. ಅಷ್ಟು ಸದ್ದಿಲ್ಲದೆ ಅವು ಪುಸ್ತಕ ತೆರೆದದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಶಾಲೆ ಇದ್ದದ್ದು ತಿ. ನರಸೀಪುರದಿಂದ ಆಚೆ, ಹೊಳೆಯ ಕಡೆಗೆ ಇಳಿಯುವ ರಸ್ತೆಯ ಒಂದು ಹಳ್ಳಿಯಲ್ಲಿ. ಅವಳ ಮನೆ ನಂಜನಗೂಡಿನಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

"ಇನ್ನೂ ರಜೆ ಇತ್ತಲ್ಲಮ್ಮ, ತಗೋಬಹುದಾಗಿತ್ತು," ಎಂದರು ಹೆಡ್‌ಮಾಸ್ಟರ್ ಮಹದೇವಯ್ಯ.

"ಬೇಡ ಸಾರ್. ಮನೇಲಿದ್ದು ಏನ್ ಮಾಡ್ಲಿ?"

ಮಹದೇವಯ್ಯ ಮೇಜಿನ ಮೇಲಿನ ಸೀಮೆಸುಣ್ಣದ ಡಬ್ಬಿಯನ್ನು ಅತ್ತಿಂದಿತ್ತ ಸರಿಸಿದರು. "ಸರಿ. ಸಮಾಜ ವಿಜ್ಞಾನದಲ್ಲಿ ನಾಗರಿಕತೆಗಳ ಪಾಠ ಹಾಗೇ ಉಳಿದಿದೆ. ಅತಿಥಿ ಶಿಕ್ಷಕರು ಅದನ್ನ ಬಿಟ್ಟು ಮುಂದಿನ ಪಾಠಕ್ಕೆ ಹಾರಿಬಿಟ್ಟಿದ್ದಾರೆ. ಅಲ್ಲಿಂದ ಶುರು ಮಾಡು."

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮಗು ಹೊಟ್ಟೆಯೊಳಗೆ ಆಡುವುದು ನಿಂತಿತ್ತು. ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು. ಹೆರಿಗೆ ಮಾಡಿಸಿದರು. ಹೆಣ್ಣು ಮಗು. ಅವಳು ತಲೆಯೆತ್ತಿ ನೋಡಲು ಹೊರಟಾಗ ಅತ್ತೆ ಮುದ್ದಮ್ಮ ಮುಖಕ್ಕೆ ಅಡ್ಡವಾಗಿ ಸೆರಗು ಹಿಡಿದರು. "ನೋಡ್ಬ್ಯಾಡ ಕಣ್ಮಗ. ನೋಡ್ಬುಟ್ರೆ ಮರೆಯಕ್ಕಾಗಕಿಲ್ಲ. ನಾನೂ ಒಂದು ಕಳ್ಕಂಡವ್ಳೇ, ಕೇಳು ನನ್ ಮಾತ." ಬಿಂದುಶ್ರೀ ತಲೆ ದಿಂಬಿಗಿಟ್ಟಳು. ಆಮೇಲೆ ಮಗುವನ್ನು ತೆಗೆದುಕೊಂಡು ಹೋದರು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹಾಲು ನಿಲ್ಲಲು ಮಾತ್ರೆ ಕೊಟ್ಟರು, ನಿಂತಿತು. ಗಂಡನ ಊರು ಕಳಲೆಯಿಂದ ನೆಂಟರು ಬಂದು ಅತ್ತರು. ಅವಳು ಅವರಿಗೆಲ್ಲ ನೀರು ಕೊಟ್ಟಳು.

ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖ ಎಂದು ಎಲ್ಲರೂ ಅಂದುಕೊಂಡಿದ್ದರು. ಹಲ್ಲು ಕೀಳುವ ಮುನ್ನ ಸೂಜಿ ಚುಚ್ಚಿದ ದವಡೆ ಹೇಗಿರುತ್ತದೋ ಹಾಗಿತ್ತು ಅದು. ಮುಟ್ಟಿದರೆ ಇದೆ ಎಂದು ಬೆರಳಿಗೆ ತಿಳಿಯುತ್ತದೆ, ದವಡೆಗೆ ತಿಳಿಯುವುದಿಲ್ಲ.

ಪಾಠ ಮಾತ್ರ ಸಲೀಸಾಗಿ ನಡೆಯಿತು. ಸಿಂಧೂ ಕಣಿವೆಯ ಬೀದಿಗಳು, ಸುಟ್ಟ ಇಟ್ಟಿಗೆಗಳು, ಮುಚ್ಚಿದ ಚರಂಡಿಗಳು. "ನಮ್ಮೂರ್ ಚರಂಡಿ ಇನ್ನೂ ಮುಚ್ಚಿಲ್ಲ ಮಿಸ್," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. ತರಗತಿ ನಕ್ಕಿತು. ಅವಳು ಬೋರ್ಡಿನ ಮೇಲೆ ಮಹಾಸ್ನಾನಗೃಹದ ಚಿತ್ರ ಬರೆದು ಮುಗಿಸಿದಳು. ಮೆಸೊಪೊಟೇಮಿಯದ ದಿನ ಮಕ್ಕಳು ಹೊಳೆಯ ಜೇಡಿಮಣ್ಣು ತಂದು ಹಲಗೆ ಮಾಡಿ, ತೆಂಗಿನ ಕಡ್ಡಿಯಲ್ಲಿ ತಮ್ಮ ತಮ್ಮ ಹೆಸರು ಕೊರೆದು, ಕಿಟಕಿಯ ಮೇಲೆ ಒಣಗಲಿಟ್ಟವು.

ಅವುಗಳಿಗೆ ಹೆಚ್ಚು ಹಿಡಿಸಿದ್ದು ಈಜಿಪ್ಟ್. ದೀಪಕ್ ಎಂಬ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ, ಯಾರದೋ ಅಜ್ಜನ ಹಳೆಯ ಪಂಚೆ ಹರಿದು ತಂದು, ಕಾಲಿನಿಂದ ಕತ್ತಿನವರೆಗೆ ಸುತ್ತಿದವು. ಅವನು ಉಸಿರು ಬಿಗಿಹಿಡಿದು ಮಲಗಿದ್ದ. ಆಮೇಲೆ ತಡೆಯಲಾರದೆ ಸೀನಿದ. ಎಲ್ಲ ಬಿದ್ದು ಬಿದ್ದು ನಗುವಾಗ ಚೈತ್ರ ಕೇಳಿದಳು:

"ಮಿಸ್, ಮಮ್ಮಿ ಅಂದ್ರೆ ಅಮ್ಮ ಅಲ್ವಾ? ಸತ್ತೋದೋರಿಗೆ ಯಾಕೆ ಮಮ್ಮಿ ಅಂತಾರೆ?"

ನಗು ನಿಂತುಹೋಯಿತು. ಪಕ್ಕದ ಹುಡುಗಿ ಚೈತ್ರಳ ತೊಡೆ ಚಿವುಟಿದ್ದು ಬಿಂದುಶ್ರೀಗೆ ಕಾಣಿಸಿತು.

"ಅದು ಬೇರೆ ಪದ," ಎಂದಳು ಅವಳು. "ಕೇಳೋದಕ್ಕೆ ಮಾತ್ರ ಒಂದೇ ಥರ. ದೀಪಕ್, ಎದ್ದೇಳು, ಸಾಕು."

ಆ ವಾರದ ಕೊನೆಗೆ ಮಕ್ಕಳು ಇನ್ನೊಂದು ಪ್ರಶ್ನೆ ಕೇಳಿದವು. ಈಜಿಪ್ಟಿನಲ್ಲಿ ಅದೆಲ್ಲ ನಡೆಯುವಾಗ ನಮ್ಮ ಕಡೆ ಏನಿತ್ತು? ಪುಸ್ತಕದಲ್ಲಿ ಅದಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕೂತು ಅವಳು ಮೊಬೈಲಿನಲ್ಲಿ ಓದಿದಳು. ನರಸೀಪುರದ ಹೊಳೆದಂಡೆಯಲ್ಲೇ ಬಹಳ ವರ್ಷಗಳ ಹಿಂದೆ ನೆಲ ಅಗೆದು ನೋಡಿದ್ದರು. ಕಬ್ಬಿಣ ಬರುವುದಕ್ಕೂ ಮುಂಚಿನ ಜನ ಅಲ್ಲಿ ಬದುಕಿದ್ದರು. ಕಲ್ಲಿನ ಕೊಡಲಿ, ಬೂದುಬಣ್ಣದ ಮಡಕೆ ಸಿಕ್ಕಿದ್ದವು. ಓದುತ್ತಾ ಹೋದ ಹಾಗೆ ಆ ಕಾಲದ ದಕ್ಷಿಣದ ಊರುಗಳ ಬಗ್ಗೆ ಇನ್ನೊಂದು ಸಂಗತಿ ಬಂತು. ಅದನ್ನು ಅವಳು ಎರಡು ಸಲ ಓದಿ, ಮೊಬೈಲನ್ನು ಬ್ಯಾಗಿಗೆ ಹಾಕಿದಳು.

ಮಾರನೆಯ ದಿನ ಕೊಡಲಿ, ಮಡಕೆ, ದನಗಳ ಬಗ್ಗೆ ಹೇಳಿದಳು. ತಮ್ಮ ಊರಿನ ಪಕ್ಕದಲ್ಲೇ ಎಂದು ಕೇಳಿ ಮಕ್ಕಳು ಬೆರಗಾದವು. ದೀಪಕ್ ಕೇಳಿದ: "ಇಲ್ಲಿ ಸತ್ತೋರ್ನ ಏನ್ ಮಾಡ್ತಿದ್ರು ಮಿಸ್? ಮಮ್ಮಿ ಮಾಡ್ತಿದ್ರಾ?"

"ಇಲ್ಲ. ಹೂಳ್ತಿದ್ರು." ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅವಳ ಬಾಯಿ ಮುಂದಿನ ಮಾತನ್ನೂ ಹೇಳಿತು. "ಚಿಕ್ಕ ಮಕ್ಕಳು ಸತ್ತರೆ ಮಡಕೆ ಒಳಗೆ ಇಟ್ಟು, ಮನೆಯ ನೆಲದಲ್ಲೇ ಹೂಳ್ತಿದ್ರು. ತಾವು ಮಲಗೋ ಜಾಗದ ಹತ್ತಿರವೇ."

"ಮನೆ ಒಳ್ಗಾ! ಎದ್ರಿಕೆ ಆಗ್ತಿರ್ಲಿಲ್ವಾ ಮಿಸ್?"

"ಯಾಕ್ ಅಂಗೆ ಮಾಡ್ತಿದ್ರು?"

"ಗೊತ್ತಿಲ್ಲ," ಎಂದಳು ಬಿಂದುಶ್ರೀ. "ಅವರು ಏನೂ ಬರೆದಿಟ್ಟಿಲ್ಲ. ಬರೆಯೋದು ಅವರಿಗೆ ಗೊತ್ತಿರಲಿಲ್ಲ."

ಆಮೇಲೆ ಚೈತ್ರ ಎದ್ದು ನಿಂತಳು. "ಮಿಸ್, ನಮ್ಮನೇಲಿ ಹಸಿನ ಕರ ಸತ್ತೋದಾಗ ನಮ್ಮಪ್ಪ ಇತ್ಲಲ್ಲೇ ಊತ್ರು. ಹಸ ಮೇಯಕ್ ಬುಟ್ರೆ ಸೀದಾ ಅಲ್ಲೀಗೋಗಿ ನಿಂತ್ಕಳದು. ಬಯ್ದ್ರೂ ಬತ್ತಿರ್ನಿಲ್ಲ. ಆಮೇಕಾಮೇಕೆ ಮೇಯಕ್ ಸುರು ಮಾಡ್ತು."

"ಕೂತ್ಕೋ," ಎಂದಳು ಬಿಂದುಶ್ರೀ. ಬೋರ್ಡಿನ ಕಡೆ ತಿರುಗಿ ಪ್ರಶ್ನೆಗಳನ್ನು ಬರೆಯತೊಡಗಿದಳು. ಮೂರನೆಯ ಪ್ರಶ್ನೆ ಬರೆದಾದ ಮೇಲೆ ನೋಡಿದರೆ ಅದು ಮೊದಲನೆಯದೇ ಆಗಿತ್ತು. ಒರೆಸಿ ಬೇರೆ ಬರೆದಳು.

ಎರಡು ದಿನ ಕಳೆದ ಮೇಲೆ ಶಿವಮೂರ್ತಿ ಎಂಬಾತ ಹೆಡ್‌ಮಾಸ್ಟರರ ಕೋಣೆಗೆ ಬಂದ. ಅವನ ಮಗ ಆರನೇ ತರಗತಿಯಲ್ಲಿದ್ದ.

"ನೋಡಿ ಸಾ, ನನ್ ಮಗ ಮನೆ ಒಳಿಕೆ ಮನಿಕತಾ ಇಲ್ಲ. ನೆಲದಲ್ಲಿ ಮಡ್ಕೆ ಅದೆ, ಮಡ್ಕೇಲಿ ಕೂಸದೆ ಅಂತ ಜಗಲೀಲಿ ಬಂದು ಮನಿಕತಾನೆ. ನಮ್ಮವ್ವ ರಾತ್ರೆಲ್ಲ ಅವ್ನ ಕಾಯ್ಕಂಡು ಕೂತವ್ಳೆ. ಇಸ್ಕೂಲಲ್ಲಿ ಇಂಥವ ಯೋಳ್ಕೊಟ್ರೆ ಎಂಗೆ?"

ಮಹದೇವಯ್ಯ ಬಿಂದುಶ್ರೀಯನ್ನು ಕರೆಸಿದರು. ಅವಳು ಶಿವಮೂರ್ತಿಗೆ, "ತಪ್ಪಾಯ್ತು. ನಿಮ್ಮ ಹುಡುಗನಿಗೆ ನಾನೇ ಬಿಡಿಸಿ ಹೇಳ್ತೀನಿ. ಅದು ಸಾವಿರಾರು ವರ್ಷದ ಹಿಂದಿನ ಮಾತು, ನಿಮ್ಮ ಮನೆ ಕೆಳಗೆ ಏನೂ ಇಲ್ಲ," ಎಂದಳು. ಅವನಿಗೂ ಅವಳ ವಿಷಯ ತಿಳಿದಿತ್ತೆಂದು ಕಾಣುತ್ತದೆ. ಅವಳ ಮುಖ ನೋಡಿ, "ಆಯ್ತು ಬುಡಿ ಮೇಡಂ, ಮಕ್ಳು," ಎಂದು ಎದ್ದುಹೋದ.

"ಪಾಠದಲ್ಲಿ ಇಲ್ಲದ್ದನ್ನ ಯಾಕಮ್ಮ ಹೇಳೋದಕ್ಕೆ ಹೋದೆ?" ಎಂದರು ಮಹದೇವಯ್ಯ, ಅವನು ಹೋದ ಮೇಲೆ.

"ಮಕ್ಕಳು ಕೇಳಿದ್ರು ಸಾರ್. ಇದ್ದದ್ದನ್ನ ಹೇಳಿದೆ."

"ನೀನು ಇನ್ನೊಂದಷ್ಟು ದಿನ ರಜೆ ಮೇಲೆ ಹೋಗು. ನಾನು ಬೇಜಾರಿನಿಂದ ಹೇಳ್ತಿಲ್ಲ."

"ಇಲ್ಲ ಸಾರ್, ಬರ್ತೀನಿ ಶಾಲೆಗೆ," ಎಂದು ಅವಳು ಹೊರಗೆ ಬಂದಳು. ಬಿಸಿಯೂಟದ ಸಾರಿನ ವಾಸನೆ ಬರುತ್ತಿತ್ತು. ಶಿವಮೂರ್ತಿಯ ಮಗನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಮಾತಾಡಿದಳು. ಅವನು ಎಲ್ಲ ಕೇಳಿಸಿಕೊಂಡು, "ಆದ್ರೆ ಆ ಕೂಸುಗಳು ಎಲ್ಲಿದಾವೆ ಅಂತ ಅವ್ರ ಮನೇರ್ಗೆಲ್ಲ ಗೊತ್ತಿತ್ತಾ ಮಿಸ್?" ಎಂದ. "ಗೊತ್ತಿತ್ತು," ಎಂದಳು.

ಆ ಸಂಜೆ ಗಂಡ ಪ್ರೇಮ್‌ಕುಮಾರ್ ತಾಲ್ಲೂಕು ಕಚೇರಿಯಿಂದ ಬಂದು, ಮಾರನೆಯ ದಿನದ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಬಾಬಾಸಾಹೇಬರ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತು ಅವಳು ಕೇಳಿದಳು:

"ಮಗೂನ ಎಲ್ಲಿ ಹೂತಿದ್ದು?"

ಇಸ್ತ್ರಿಪೆಟ್ಟಿಗೆ ಶರ್ಟಿನ ತೋಳಿನ ಮೇಲೆ ನಿಂತಿತು. ಬಟ್ಟೆ ಸೀದ ವಾಸನೆ ಬಂದ ಮೇಲೆ ಅವನು ಅದನ್ನು ಎತ್ತಿದ.

"ಅಪ್ಪನ್ನ ಕೇಳು."

"ನೀವೂ ಹೋಗಿದ್ರಲ್ಲ?"

"ಇಲ್ಲ." ಅವನು ಸ್ವಿಚ್ ಆರಿಸಿದ. "ಆಸ್ಪತ್ರೆ ಮೆಟ್ಟಿಲ ಹತ್ರ ಇದ್ದೆ. ಅಪ್ಪ ಒಬ್ರೇ ಎತ್ಕೊಂಡು ಕಾರು ಹತ್ತಿದ್ರು. ಬಾರೋ ಅಂದ್ರು. ನನ್ನ ಕಾಲು ಏಳಲಿಲ್ಲ. ನಿನಗೆ ಹೇಳೋಕೆ ಆಗಲಿಲ್ಲ ಬಿಂದು. ನಾನೂ ನೋಡಿಲ್ಲ."

ಇಷ್ಟು ದಿನ ಅವನಿಗೆ ಗೊತ್ತಿದೆ, ತನಗೆ ಗೊತ್ತಿಲ್ಲ ಎಂದುಕೊಂಡು ಅವಳು ಅವನ ಪಕ್ಕದಲ್ಲಿ ಮಲಗಿದ್ದಳು. ಸಿಟ್ಟು ಬರಬಹುದೇ ಎಂದು ನೋಡಿದಳು, ಬರಲಿಲ್ಲ. ಎದ್ದು ಹಿತ್ತಲಿಗೆ ಹೋದಳು.

ಮಾವ ಕರಿಯಯ್ಯ ಕಲ್ಲಿನ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದರು. ಮನೆ ನಂಜನಗೂಡಿಗೆ ಬಂದು ವರ್ಷಗಳಾಗಿದ್ದರೂ ಅವರು ಕಳಲೆಯ ಜಮೀನಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಅವಳು ಅದೇ ಪ್ರಶ್ನೆಯನ್ನು ಕೇಳಿದಳು. ಅಡುಗೆಮನೆಯಿಂದ ಮುದ್ದಮ್ಮ ಓಡಿ ಬಂದರು.

"ಯೋಳ್ಬ್ಯಾಡಿ ಕಣಿ! ಮರ್ತು ಎಂಗೋ ಇಸ್ಕೂಲ್ಗೆ ಓಯ್ತಾವ್ಳೆ. ತಿರ್ಗಾ ಯಾಕ್ ಅದ್ನ ಕೆದಕ್ತೀರಿ?"

"ಅವ್ಳ ಕೂಸು ಕಣಮ್ಮಿ," ಎಂದರು ಕರಿಯಯ್ಯ ಹೆಂಡತಿಗೆ. ಬೆರಳಲ್ಲಿ ಕುಡುಗೋಲಿನ ಅಂಚು ನೋಡಿ ಅದನ್ನು ಕೆಳಗಿಟ್ಟರು. "ಯಾವತ್ತು ಕೇಳೀಯೇನೋ ಅಂತ ನಾನೂ ಕಾಯ್ತಾ ಇದ್ದಿ ಕಣವ್ವ. ನಮ್ಮೊಲ್ದಲ್ಲೇ ಅದೆ. ಭಾನ್ವಾರ ಬಾ, ತೋರುಸ್ತೀನಿ."

ಭಾನುವಾರ ಅವರ ಮೊಪೆಡ್ಡಿನ ಹಿಂದೆ ಕೂತು ಹೋದಳು. ಹೊಲದ ಮೂಲೆಯಲ್ಲಿ, ನಾಲೆಯ ಬದುವಿನ ಪಕ್ಕ ಒಂದು ಹೊಂಗೆಮರ. ಅದರ ಬುಡದಿಂದ ಸ್ವಲ್ಪ ದೂರಕ್ಕೆ ಅವರು ಕೈ ತೋರಿಸಿದರು. ಗುರುತಿಗೆ ಏನೂ ಇರಲಿಲ್ಲ. ಮಣ್ಣು ಕೂತು ಸಮನಾಗಿ ಗರಿಕೆ ಬಂದಿತ್ತು. ತಾನೊಬ್ಬಳೇ ಬಂದಿದ್ದರೆ ತುಳಿದುಕೊಂಡೇ ಹೋಗುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು.

ಅವಳು ಕೂತು ನೆಲದ ಮೇಲೆ ಅಂಗೈ ಇಟ್ಟಳು. ನೆಲ ಬಿಸಿಲಿಗೆ ಬೆಚ್ಚಗಿತ್ತು, ಅಷ್ಟೆ.

"ಎಷ್ಟು ಆಳ ಮಾವ?"

"ಸೊಂಟದುದ್ದ ತೋಡ್ದಿ. ನಾಯಿ ನರಿ ಕೆದರ್ಬಾರ್ದಲ್ಲ."

"ಜೊತೇಲಿ ಏನಾದ್ರೂ ಇಟ್ರಾ?"

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸ್ವಲ್ಪ ಯೋಚಿಸಿ, "ಏನ್ ಮಡುಗ್ಲವ್ವ? ಆಸ್ಪತ್ರೆ ಬಟ್ಟೆ ತೆಳ್ಳಗಿತ್ತು ಅಂತ ಮ್ಯಾಲೆ ನನ್ ಟವಲ್ಲ ಸುತ್ತಿದ್ದಿ. ಅದೂ ಅದ್ರ ಜೊತೇಲೇ ಓಯ್ತು," ಎಂದರು.

"ಹೇಗಿತ್ತು?"

"ತಲೆ ತುಂಬ ಕೂದ್ಲು. ಗಲ್ಲ ನಿಂದೇ. ನಿದ್ದೆ ಮಾಡ್ತಿರಂಗಿತ್ತು ಕಣವ್ವ. ಕಾರಲ್ಲಿ ಬರಕಾರೆ ಎದ್ದು ಅತ್ತುಬುಡ್ತದೇನೋ ಅನ್ಕಂಡು ಬಂದಿ." ಎದ್ದು ಹೋಗಿ ನಾಲೆಯ ನೀರಿನಲ್ಲಿ ಮುಖ ತೊಳೆದುಕೊಂಡರು. ಅವಳು ತನ್ನ ಗಲ್ಲವನ್ನು ಮುಟ್ಟಿ ನೋಡಿಕೊಂಡಳು.

ಮುಂದಿನ ವಾರ ಶಾಲೆಯಲ್ಲಿ ಚೀನಾದ ಪಾಠ ಮುಗಿಯಿತು. ರೇಷ್ಮೆ ಎಂದ ಕೂಡಲೇ ಮಕ್ಕಳು ತಮ್ಮ ಮನೆಗಳ ಹುಳುಮನೆಯ ಕತೆ ಶುರು ಮಾಡಿದವು. ಅವಳು ಗದರಲಿಲ್ಲ, ಕೇಳುತ್ತ ಕೂತಳು. ಅವುಗಳಿಗೆ ಕೊಡಲು ಹೊಸದೇನೂ ಅವಳಲ್ಲಿ ಇರಲಿಲ್ಲ. ಆದರೂ ಪೀರಿಯಡ್ ಬೇಗ ಮುಗಿದಂತಾಯಿತು.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಪ್ರೇಮ್‌ಕುಮಾರ್ ತಟ್ಟೆ ನೋಡುತ್ತಲೇ ಕೇಳಿದ: "ನಾಳೆ ನೀನು ಕಳಲೆಗೆ ಹೋಗ್ತೀಯಾ?"

"ಗೊತ್ತಿಲ್ಲ. ಯಾಕೆ?"

"ಹೋದ್ರೆ ನಾನೂ ಬರ್ಲಾ?"

ಮುದ್ದಮ್ಮ ಬಡಿಸುವ ಸೌಟನ್ನು ಹಿಡಿದು ನಿಂತರು. ಮಗನ ತಟ್ಟೆಗೆ ಸಾರು ಬಿಟ್ಟು ಒಳಗೆ ಹೋದರು.

ಬೆಳಿಗ್ಗೆ ಇಬ್ಬರೂ ಹೋದರು. ಬದುವಿನ ಮೇಲೆ ಅವಳು ಮುಂದೆ ನಡೆದಳು. ಹೊಂಗೆಮರ ಕಂಡ ಕೂಡಲೇ ಅವನು ಚಪ್ಪಲಿ ಬಿಟ್ಟು ನಿಂತುಬಿಟ್ಟ. ಆಸ್ಪತ್ರೆಯ ಮೆಟ್ಟಿಲ ಹತ್ತಿರವೂ ಹೀಗೇ ನಿಂತಿದ್ದನೇನೋ. ಅವಳು ಹಿಂದಕ್ಕೆ ಬಂದು ಅವನ ಮೊಣಕೈ ಹಿಡಿದು, "ಇಲ್ಲಿ," ಎಂದು ಜಾಗ ತೋರಿಸಿದಳು. "ಮಾವ ಟವಲ್ ಸುತ್ತಿದ್ರಂತೆ. ತಲೆ ತುಂಬ ಕೂದಲಿತ್ತಂತೆ."

ಅವನು ಕುಕ್ಕರುಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತ. ಜೋರಾಗಿ ಅತ್ತ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿ ಮತ್ತೆ ಬಗ್ಗಿದಳು. ಬಿಂದುಶ್ರೀ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. ತನಗೂ ಅಳು ಬಂದೀತೆಂದು ಕಾದಳು. ಬರಲಿಲ್ಲ. ಬೆನ್ನು ಏರಿ ಇಳಿಯುವುದು ಮಾತ್ರ ಅಂಗೈಗೆ ತಿಳಿಯುತ್ತಿತ್ತು, ಶರ್ಟು ಬೆವತಿರುವುದೂ ತಿಳಿಯುತ್ತಿತ್ತು. ಅವನು ಸುಮ್ಮನಾಗುವವರೆಗೆ ಕೈ ತೆಗೆಯಲಿಲ್ಲ.