ತಪ್ಪು ತೋರಿಸಿದ ಯಂತ್ರ

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ವಿವೇಕಾನಂದ ಹಳೆಯ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಕಮಲಾಪುರಕ್ಕೆ, ಗೆಳೆಯ ಸಿದ್ದಣ್ಣನ ಮನೆಗೆ ಬಂದ. ಕಾಲೇಜು ಮುಗಿಸಿದ ಹೊಸದರಲ್ಲಿ ಅವನೂ ಸಿದ್ದಣ್ಣನೂ ಹೈದರಾಬಾದಿನಿಂದ ಬಿಡಿಭಾಗಗಳನ್ನು ತಂದು, ಬೆಸುಗೆ ಹಾಕಿ ಕಟ್ಟಿದ ಯಂತ್ರ ಅದು. ಆಗ ಕಲಬುರಗಿಯಲ್ಲಿ ಕಂಪ್ಯೂಟರ್ ಕಂಡವರೇ ಅಪರೂಪ. ಎಷ್ಟೋ ವರ್ಷ ಕೆಟ್ಟು ಬಿದ್ದಿದ್ದ ಅದನ್ನು ವಿವೇಕಾನಂದ ಈಗ ರಿಪೇರಿ ಮಾಡಿದ್ದ. ಅಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಸಿದ್ದಣ್ಣನ ಎರಡೂ ಕಣ್ಣು ಹೋಗಿದ್ದವು.

ಯಂತ್ರವನ್ನು ಮನೆಯ ಟಿವಿಗೆ ಜೋಡಿಸಿದ ಮೇಲೆ ಸಿದ್ದಣ್ಣ ಕೀಲಿಗಳ ಮೇಲೆ ಬೆರಳಾಡಿಸಿದ. ಒಂದರಿಂದ ಹತ್ತರವರೆಗಿನ ಸಂಖ್ಯೆಗಳನ್ನು ಕೂಡುವ ಪುಟ್ಟ ಪ್ರೋಗ್ರಾಮನ್ನು ನೆನಪಿನಿಂದಲೇ ಒತ್ತಿದ. ಅವರಿಬ್ಬರೂ ಮೊಟ್ಟಮೊದಲು ಬರೆದದ್ದು ಅದನ್ನೇ.

“ಏನ್ ಬಂತೋ?”

ಪರದೆಯ ಮೇಲೆ ತಪ್ಪಿನ ಸೂಚನೆ ಬಂದಿತ್ತು. ಐವತ್ತೈದು ಎಂದು ಹೇಳಿಬಿಡೋಣ ಅನ್ನಿಸಿತು ವಿವೇಕಾನಂದನಿಗೆ. ಸಿದ್ದಣ್ಣನ ಹೆಂಡತಿ ಕಸ್ತೂರಿಯೂ ಹಾಗೇ ಹೇಳು ಎಂಬಂತೆ ನೋಡುತ್ತಿದ್ದಳು.

“ತಪ್ಪಾಗ್ಯದ ಸಿದ್ದಣ್ಣ. ಮೂರನೇ ಸಾಲಿನ್ಯಾಗ,” ಎಂದ ವಿವೇಕಾನಂದ.

ಸಿದ್ದಣ್ಣ ಕೀಲಿಗಳಿಂದ ಬೆರಳು ತೆಗೆಯಲಿಲ್ಲ. “ಓದಿ ಹೇಳು,” ಎಂದ.

ವಿವೇಕಾನಂದ ಒಂದೊಂದೇ ಅಕ್ಷರ ಓದಿದ.

“ಕೂಡಸೋ ಚಿಹ್ನೆನೇ ಬಿಟ್ಟೀನಿ,” ಎನ್ನುತ್ತ ಸಿದ್ದಣ್ಣ ಆ ಸಾಲನ್ನು ಮತ್ತೆ ಒತ್ತಿದ.

“ಐವತ್ತೈದು ಬಂತು!” ವಿವೇಕಾನಂದ ಕೂಗಿದ.

“ಖರೇನ?”

“ಆಗ ತಪ್ಪಾಗ್ಯದಂತ ನಾನೇ ಹೇಳಿಲ್ಲೇನು? ಇದೂ ಖರೇನ.”

ಸಿದ್ದಣ್ಣ ತಲೆ ತಗ್ಗಿಸಿದ. “ಕಣ್ಣು ಹೋದಾಗಿಂದ ನಾ ಏನ್ ಮಾಡಿದ್ರೂ ಎಲ್ಲಾರೂ ಬರೋಬರಿ ಅದ, ತಪ್ಪೇ ಇಲ್ಲ ಅಂತಾರ. ಮುಂದಿನ ವಾರನೂ ಬಾ. ನಾ ಒತ್ತತೀನಿ, ನೀ ಓದು.”

ವಿವೇಕಾನಂದ ಯಂತ್ರವನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದ.