ರೇಡಿಯೋ ಕೇಬಲ್ಲಿಗೆ ಹೊಸ ಅಂಗಿ

ತಲ್ಲೂರಿನಲ್ಲಿ ಮಿಕ್ಸಿ ರಿಪೇರಿ ಮಾಡುವ ಸುಧಾಕರನಿಗೆ ಅನುಮಾನ ಹುಟ್ಟಿನಿಂದಲೇ ಬಂದದ್ದು. ಹಾಲು ತಂದವರ ಎದುರೇ ಅದರಲ್ಲಿ ಬೆರಳದ್ದಿ ನೋಡುವ ಆಸಾಮಿ. ಅಂಥವನು ಅಪ್ಪಯ್ಯನ ಮಿಲಿಟರಿ ರೇಡಿಯೋದ ಕರೆಂಟಿನ ಕೇಬಲ್ಲನ್ನು ಸಾಲಿಗ್ರಾಮದ ಉಮಾವತಿಯ ಕೈಗೆ ಕೊಟ್ಟುಬಂದನೆಂದರೆ, ಬೇರೆ ದಾರಿಯೇ ಇರಲಿಲ್ಲ ಎಂದರ್ಥ.

ಸೈನ್ಯದಲ್ಲಿ ರೇಡಿಯೋ ಆಪರೇಟರ್ ಆಗಿದ್ದ ಅಪ್ಪಯ್ಯ ಆ ಸೆಟ್ಟನ್ನು ಗುಜರಿ ಹರಾಜಿನಲ್ಲಿ ಹಿಡಿದು ಮನೆಗೆ ತಂದಿದ್ದರು. ಕೇಬಲ್ಲಿನ ಮೇಲಿದ್ದದ್ದು ಹೆಣೆದ ಹಸಿರು ಬಟ್ಟೆ. ಅದು ಹರಿದಲ್ಲಿ ಅಪ್ಪಯ್ಯ ತಾವೇ ಸೂಜಿ ಹಿಡಿದು ಕಪ್ಪು ದಾರದಲ್ಲಿ ಗೇಣುದ್ದ ಹೊಲಿದಿದ್ದರು. ಅವರು ತೀರಿಕೊಂಡ ಮೇಲೆ ಅವರ ಕೈಯದ್ದು ಅಂತ ಮಗನಿಗೆ ಉಳಿದದ್ದು ಆ ಹೊಲಿಗೆ ಒಂದೇ. ಈಗ ಬಟ್ಟೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಯಕ್ಷಗಾನದ ವೇಷಗಳಿಗೆ ದಾರ ಹೆಣೆಯುವ ಉಮಾವತಿ, ಹಳೆಯದನ್ನು ಕೀಳದೆ ಅದರ ಮೇಲೆಯೇ ಹೊಸ ಬಟ್ಟೆ ಹೆಣೆದುಕೊಡುತ್ತೇನೆ ಎಂದಿದ್ದಳು.

ಮೂರು ವಾರದಲ್ಲಿ ಸುಧಾಕರ ನಾಲ್ಕು ಸಲ ಬಸ್ಸು ಹತ್ತಿದ. ಒಮ್ಮೆ ಕೊಡೆ ಮರೆತೆನೆಂದ, ಒಮ್ಮೆ ದೇವಸ್ಥಾನಕ್ಕೆ ಬಂದೆನೆಂದ. ಅವಳು ಮಾತ್ರ ಕೇಬಲ್ ತೋರಿಸಲೊಲ್ಲಳು.

"ಅರ್ಧ ಆದ್ದನ್ನ್ ಕಾಂಬುಕಾಗ."

ವೇಷದ ಯಾವ ಕೆಲಸವನ್ನೂ ಮುಗಿಯುವ ಮೊದಲು ತೋರಿಸದಿರುವುದು ಅವಳ ಮನೆಯ ರೂಢಿ. ಸುಧಾಕರನಿಗೆ ಅದರಲ್ಲೂ ಹುಳುಕೇ ಕಂಡಿತು.

ಐದನೇ ಸಲ ಕೇಬಲ್ ಕೈಗೆ ಬಂತು. ಹೆಣಿಗೆ ಕಣ್ಣಿಗೆ ಹಬ್ಬದಂತಿತ್ತು, ಆದರೆ ಅವನು ನೋಡಲಿಲ್ಲ. ಹೆಬ್ಬೆರಳು ಆಡಿಸಿದ. ಅಪ್ಪಯ್ಯನ ಹೊಲಿಗೆಯ ಉಬ್ಬು ಎಲ್ಲೂ ತಾಗಲಿಲ್ಲ. 

"ಹಳೇ ಬಟ್ಟಿ ಕಿತ್ತ್ ಬಿಸಾಡಿರಾ ನೀವ್?"

"ಇಲ್ಲ ಮಾರಾಯ್ರೆ, ಈಗ್ಳೂ ಒಳಗೇ ಇತ್ತ್. ತಗ್ಗ್ ಇಪ್ಪಲ್ಲೆಲ್ಲ ಹತ್ತಿ ನೂಲ್ ಸುತ್ತಿ ಸಮ ಮಾಡಿದೆ."

"ನಂಬುಕೆ ನಾನೆಂತ ಮಳ್ಳನಾ?"

ಜೇಬಿನಿಂದ ವೈರು ಸುಲಿಯುವ ಬ್ಲೇಡು ತೆಗೆದ.

"ಹ್ವಾಯ್, ಬ್ಯಾಡ!" ಎಂದು ಉಮಾವತಿ ಕೈ ಚಾಚುವಷ್ಟರಲ್ಲಿ ಗೇಣುದ್ದಕ್ಕೆ ಎಳೆದೇಬಿಟ್ಟ.

ಹೊಸ ಹೆಣಿಗೆ ಬಾಯಿಬಿಟ್ಟಿತು. ಒಳಗೆ ಬಿಳಿ ನೂಲಿತ್ತು, ಅದರ ನಡುವೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಅಪ್ಪಯ್ಯನ ಕಪ್ಪು ದಾರ. ಒಂದು ಹೊಲಿಗೆಯನ್ನೂ ಅವಳು ಮುಟ್ಟಿರಲಿಲ್ಲ. ಅವನ ಬ್ಲೇಡು ಮಾತ್ರ ಎಲ್ಲವನ್ನೂ ನಟ್ಟನಡುವೆ ಸೀಳಿತ್ತು.

ಸುಧಾಕರನಿಗೆ ತನ್ನ ಕೈಯನ್ನೇ ಕಡಿದುಹಾಕಬೇಕೆನಿಸಿತು. ಸೇರಿಸಿ ಹಿಡಿಯಲು ಹೋದ. ಬೆರಳು ತಗಲಿದ್ದೇ ತಡ, ದಾರದ ತುಂಡುಗಳು ಒಂದೊಂದಾಗಿ ಉದುರತೊಡಗಿದವು. ಉಮಾವತಿ ಬೊಗಸೆ ಒಡ್ಡಿ ಅವನ್ನು ಹಿಡಿದುಕೊಂಡಳು.