ದಾಕ್ಷಾಯಣಿ ತೆರೆಯದ ಫೋಲ್ಡರ್

ನಾನು ಒಂದು ಮೌಸ್. ಕಂಪ್ಯೂಟರಿನ ಪಕ್ಕದಲ್ಲಿ ಬಾಲ ಚಾಚಿಕೊಂಡು ಕೂರುವ ಇಲಿ. ನಗಬೇಡಿ. ಗಣಪತಿಯನ್ನು ಹೊತ್ತ ಇಲಿಗೆ ನೀವು ಕೈಮುಗಿಯುತ್ತೀರಿ. ಹನ್ನೊಂದು ನೂರು ಮನೆತನಗಳನ್ನು ಹೊತ್ತು ತಿರುಗಿದ ನನಗೆ ಸಿಕ್ಕಿದ್ದು ಮಾತ್ರ ಹಳೆ ಸಾಮಾನಿನ ಡಬ್ಬಿ.

ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಒಬ್ಬಳು ನನಗೆ ಚಕ್ರ ಕೂರಿಸಿದಳು, ಇನ್ನೊಬ್ಬಳು ಹೊಟ್ಟೆಯೊಳಗೆ ಕೆಂಪು ದೀಪ ಇಟ್ಟಳು, ಮೂರನೆಯವಳು ಎಡಗುಂಡಿಯನ್ನು ಎರಡು ಸಲ ಟಕ್ ಟಕ್ ಅನ್ನಿಸಿ ಮುಂದಕ್ಕೆ ತಳ್ಳಿದಳು. ನನ್ನ ನಾಮಕರಣ, ಜಾವಳ ಎಲ್ಲ ಅಷ್ಟರಲ್ಲೇ ಮುಗಿಯಿತು. ಹುಬ್ಬಳ್ಳಿಗೆ ಬಂದು ಎರಡು ವರ್ಷ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ಕಂಡಕಂಡವರ ಬೆವರಿನಲ್ಲಿ ತೊಯ್ದೆ. ಆ ಅಂಗಡಿ ಮುಚ್ಚಿದಾಗ ಕಂಪ್ಯೂಟರ್ ರಿಪೇರಿಯ ಖಾಜಾಸಾಬರು ನನ್ನನ್ನು ಕೊಂಡು, ಒರೆಸಿ, ‘ಹಂದರ ವಧೂವರರ ಕೇಂದ್ರ’ಕ್ಕೆ ತಂದು ಹಚ್ಚಿದರು.

ಮುಖ ನೋಡಿ ಮಣೆ ಹಾಕುವುದು ನಿಮ್ಮ ಅಭ್ಯಾಸ. ನನಗೆ ಮುಖ ಓದಲು ಬಾರದು, ಅಂಗೈ ಮಾತ್ರ ಓದಲು ಬರುತ್ತದೆ. ಕೇಂದ್ರದಲ್ಲಿ ಎರಡು ಅಂಗೈಗಳಿದ್ದವು. ಒಂದು ಕೇಂದ್ರದ ಒಡತಿ ಶಶಿಕಲಕ್ಕನದು. ಮೆತ್ತಗಿನ ಕೈ, ನಾಲ್ಕು ಉಂಗುರ, ಡಜನ್ ಹಸಿರು ಬಳೆ. ಇನ್ನೊಂದು ಅಲ್ಲಿ ಕೆಲಸಕ್ಕಿದ್ದ ದಾಕ್ಷಾಯಣಿಯದು. ಹೆಬ್ಬೆರಳಿನ ಬುಡದಲ್ಲಿ ಈಳಿಗೆ ತಾಗಿದ ಗೆರೆ, ಮುಂಗೈ ಬೋಳು. ಗಂಡ ಸತ್ತು ಆರು ವರ್ಷವಾಗಿತ್ತು. ಚೈತ್ರಾ ಅಂತ ಒಬ್ಬಳೇ ಮಗಳು.

ಕೇಂದ್ರದ ಕೆಲಸವೆಲ್ಲ ದಾಕ್ಷಾಯಣಿಯದೇ. ಜಾತಕ ಬೆರಳಚ್ಚು ಮಾಡುವವಳು ಅವಳು, ಫೋಟೋ ಸೇರಿಸುವವಳು ಅವಳು, ‘ನಿಮ್ಮ ಹುಡುಗನಿಗೆ ತಕ್ಕ ಹುಡುಗಿ ಇದ್ದಾಳೆ’ ಎಂದು ಇಮೇಲ್ ಕಳಿಸುವವಳೂ ಅವಳೇ. ಇಮೇಲ್ ಪ್ರೋಗ್ರಾಮಿನಲ್ಲಿ ‘ಮನೆತನಗಳು’ ಎಂಬ ಫೋಲ್ಡರ್ ಇತ್ತು. ಬೀದರದಿಂದ ಹಾವೇರಿಯವರೆಗಿನ ಹನ್ನೊಂದು ನೂರು ಕುಟುಂಬಗಳ ಹೆಸರು, ವಿಳಾಸ, ಫೋನು ಅದರಲ್ಲಿ. ಒಂದೊಂದನ್ನೂ ಅವಳೇ ಹೊಡೆದದ್ದು. ಅದರ ಕೆಳಗೆ ಇನ್ನೊಂದು ಫೋಲ್ಡರ್, ‘ಲಗ್ನ ಕೂಡಿದವರು’. ಸಂಬಂಧ ಗಟ್ಟಿಯಾದ ಮನೆತನದ ಹೆಸರನ್ನು ಮೇಲಿನದರಿಂದ ಎಳೆದು ಕೆಳಗಿನದಕ್ಕೆ ಹಾಕಬೇಕು.

ಅದನ್ನು ಮಾತ್ರ ದಾಕ್ಷಾಯಣಿ ಮುಟ್ಟುವಂತಿಲ್ಲ.

“ಅದು ಲಗ್ನದಾಗ ಅಕ್ಷತಾ ಹಾಕಿದಂಗವಾ,” ಎಂದು ಮೊದಲನೆಯ ದಿನವೇ ಶಶಿಕಲಕ್ಕ ಹೇಳಿದ್ದಳು. “ಮುತ್ತೈದಿ ಕೈಯಿಂದನ ಆಗಬೇಕು. ನೀ ಅದನ್ನ ತಗೀಬ್ಯಾಡ, ನೋಡೂಬ್ಯಾಡ. ತಪ್ಪು ತಿಳ್ಕೋಬ್ಯಾಡ ಮತ್ತ.”

“ಇಲ್ರಿ ಅಕ್ಕಾರ,” ಅಂದಿದ್ದಳು ದಾಕ್ಷಾಯಣಿ. ತಪ್ಪು ತಿಳಿಯುವ ಹಕ್ಕೂ ತನಗಿಲ್ಲ ಎಂಬಂತೆ.

ಅಯ್ಯೋ, ಆ ಎಳೆಯುವ ಶಾಸ್ತ್ರ ನೋಡಬೇಕಿತ್ತು ನೀವು! ಸಂಬಂಧ ಕೂಡಿದ ದಿನ ಶಶಿಕಲಕ್ಕ ಕೈತೊಳೆದು ಬಂದು ಕುರ್ಚಿಯಲ್ಲಿ ಕೂರುವಳು. ದಾಕ್ಷಾಯಣಿ ಎದ್ದು ಬಾಗಿಲ ಬಳಿ ಹೋಗಿ ಆಚೆ ಮುಖ ಮಾಡಿ ನಿಲ್ಲುವಳು. ಶಶಿಕಲಕ್ಕನಿಗೋ ನನ್ನನ್ನು ಹಿಡಿಯಲು ಬಾರದು. ರೊಟ್ಟಿ ಬಡಿಯುವ ಹಾಗೆ ಇಡೀ ಅಂಗೈ ಊರಿ ಮೇಜಿನ ತುಂಬಾ ನನ್ನನ್ನು ಹೊರಳಾಡಿಸುವಳು. ಆಯುಧಪೂಜೆಯಲ್ಲಿ ಅವಳು ಇಟ್ಟ ಕುಂಕುಮ ನನ್ನ ಚಕ್ರದ ಸಂದಿಯಲ್ಲಿ ಸೇರಿ ಇವತ್ತಿಗೂ ಹೋಗಿಲ್ಲ. ಆ ಪೂಜೆಯ ದಿನವೂ ದಾಕ್ಷಾಯಣಿ ಬಾಗಿಲಾಚೆಯೇ ನಿಂತಿದ್ದಳು.

ನಾಲ್ಕು ವರ್ಷ ಹೀಗೇ ಕಳೆಯಿತು. ದಾಕ್ಷಾಯಣಿ ಯಾಕೆ ಸಹಿಸಿದಳು ಅಂತೀರಾ? ಶಶಿಕಲಕ್ಕ ಒಂದು ಮಾತು ಕೊಟ್ಟಿದ್ದಳು. “ನಿನ್ನ ಮಗಳ ಲಗ್ನ ನಂದು. ಹಂದರದಿಂದನ ಆಗ್ತೈತಿ.” ತಂದೆಯಿಲ್ಲದ ಹುಡುಗಿಗೆ ಯಾರು ಮುಂದಾಗಿ ನಿಂತು ಮಾತಾಡುತ್ತಾರೆ? ಆ ಒಂದು ಮಾತಿಗೆ ಜೋತುಬಿದ್ದು ಅವಳು ಬೇರೆಯವರ ಮಕ್ಕಳಿಗೆಲ್ಲ ವರ ಹುಡುಕಿದಳು.

ಅಷ್ಟರಲ್ಲಿ ನನಗೂ ವಯಸ್ಸಾಯಿತು. ಎಡಗುಂಡಿ ಹಟಮಾರಿಯಾಯಿತು. ಒತ್ತಿದರೆ ಹತ್ತರಲ್ಲಿ ನಾಲ್ಕು ಸಲ ಕೇಳುತ್ತಿರಲಿಲ್ಲ. ಶಶಿಕಲಕ್ಕ “ಹಾಳಾದದ್ದು” ಎಂದು ನನ್ನನ್ನು ಮೇಜಿಗೆ ಕುಟ್ಟುತ್ತಿದ್ದಳು. ದಾಕ್ಷಾಯಣಿ ಮಾತ್ರ ನನ್ನ ಮರ್ಮ ಕಂಡುಕೊಂಡಿದ್ದಳು. ಗುಂಡಿಯ ಎಡ ಅಂಚಿನಲ್ಲಿ ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಸಾಕು, ನಾನು ಕೇಳುತ್ತಿದ್ದೆ. ಅವಳ ಕೈಗೆ ನಾನು ಒಂದು ದಿನವೂ ಇಲ್ಲ ಅಂದವನಲ್ಲ.

ಶ್ರಾವಣದ ಒಂದು ಸೋಮವಾರ ಮುಧೋಳದ ಗಂಡಿನ ಮನೆಯಿಂದ ಫೋನು ಬಂತು. ಅವರಿಗೆ ಚೈತ್ರಾ ಒಪ್ಪಿಗೆಯಾಗಿದ್ದಳು. ಹುಡುಗ ಹೈಸ್ಕೂಲ್ ಮಾಸ್ತರ. ಮುಂದಿನ ವಾರ ನಿಶ್ಚಿತಾರ್ಥ ಅಂದರು. ದಾಕ್ಷಾಯಣಿ ಚೈತ್ರಾಳ ಹೆಸರನ್ನು ಪರದೆಯ ಮೇಲೆ ತಂದಿಟ್ಟಳು.

ಶಶಿಕಲಕ್ಕ ಕೈತೊಳೆದು ಬಂದಳು. ಸೋಫಾದ ಮೇಲೆ ವರ ಹುಡುಕಿ ಬಂದಿದ್ದ ಇಬ್ಬರು ತಾಯಂದಿರು ಕೂತಿದ್ದರು.

ದಾಕ್ಷಾಯಣಿ ಎದ್ದಳು. ಬಾಗಿಲಿಗೆ ಹೋಗಲಿಲ್ಲ. “ಅಕ್ಕಾರ,” ಅಂದಳು, “ಇದೊಂದು ಹೆಸರು ನಾ ಎಳೀಲ್ರಿ? ನನ್ನ ಮಗಳದಲ್ರಿ.”

“ಹುಚ್ಚಿ ಏನ ನೀ? ನಿನ್ನ ಮಗಳದಂತನ ನೀ ಮುಟ್ಟಬಾರದು. ಆಕಿ ಬಾಳೇವು ಛಂದ ಆಗೂದು ಬ್ಯಾಡೇನ ನಿನಗ?”

ದಾಕ್ಷಾಯಣಿ ಬಾಗಿಲಿಗೆ ಹೋಗಿ ಆಚೆ ಮುಖ ಮಾಡಿ ನಿಂತಳು. ಸೋಫಾದವರು ‘ಪಾಪ’ ಅಂದರು.

ಶಶಿಕಲಕ್ಕ ನನ್ನ ಮೇಲೆ ಅಂಗೈ ಊರಿದಳು. ಚೈತ್ರಾಳ ಹೆಸರಿನ ಮೇಲೆ ನಿಲ್ಲಬೇಕಾದ ಪರದೆಯ ಬಾಣ ಜಾರಿ ಎಡಕ್ಕೆ ಹೋಗಿ ‘ಮನೆತನಗಳು’ ಎಂಬ ಫೋಲ್ಡರಿನ ಮೇಲೆ ನಿಂತಿತು. ಅವಳ ಗಮನ ಸೋಫಾದ ಕಡೆ. ಹಾಗೇ ಒತ್ತಿದಳು, ಹಾಗೇ ಎಳೆದಳು, ಹಾಗೇ ಬಿಟ್ಟಳು. ಹನ್ನೊಂದು ನೂರು ಮನೆತನಗಳು ಇಡಿಯಾಗಿ ‘ಲಗ್ನ ಕೂಡಿದವರು’ ಫೋಲ್ಡರಿನ ಹೊಟ್ಟೆಯೊಳಗೆ ಹೋಗಿ ಕೂತವು. ಪರದೆ ಬೆಳ್ಳಗಾಯಿತು.

ಇಲ್ಲಿ ನನ್ನ ಪಾಪ ಹೇಳಿಬಿಡುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಕೇಳದ ನಾನು ಅವತ್ತು ಕೇಳಿದೆ. ಒಂದೇ ಒಂದು ಸಲ ಹಟ ಹಿಡಿಯಬೇಕಿತ್ತು, ಆ ಸಲವೇ ನಾನು ವಿಧೇಯನಾದೆ.

ಶಶಿಕಲಕ್ಕನಿಗೆ ಗೊತ್ತಾಗಲಿಲ್ಲ ಅಂತ ಮಾತ್ರ ಹೇಳಬೇಡಿ. ಅವಳ ಕೈ ನನ್ನ ಮೇಲೆ ಒಮ್ಮೆಲೇ ತಣ್ಣಗಾಯಿತು. ಉಂಗುರದ ಬುಡದಲ್ಲಿ ಬೆವರು ಒಸರಿತು. ಅರೆಗಳಿಗೆ ಹಾಗೇ ಕೂತಿದ್ದವಳು ಪರದೆ ಮುಚ್ಚಿ ಎದ್ದು, “ಆತು ನೋಡವಾ, ಬಾಯಿ ಸಿಹಿ ಮಾಡು,” ಎಂದು ದಾಕ್ಷಾಯಣಿಯ ಕೈಗೆ ಪೇಢೆ ಇಟ್ಟು ಮನೆಗೆ ಹೋದಳು.

ಮಧ್ಯಾಹ್ನ ದಾಕ್ಷಾಯಣಿ ಕೂತು ನೋಡುತ್ತಾಳೆ, ಒಂದು ಹೆಸರೂ ಇಲ್ಲ. ಬರುವ ಭಾನುವಾರ ವಧೂವರರ ಸಮಾವೇಶ, ಎಲ್ಲ ಮನೆತನಗಳಿಗೂ ಅವತ್ತೇ ಕರೆಯೋಲೆ ಹೋಗಬೇಕಿತ್ತು. ಅವಳ ಬಾಯಲ್ಲಿ ಪೇಢೆಯ ಸಿಹಿ ಇನ್ನೂ ಇದ್ದಿರಬೇಕು. ಕಂಪ್ಯೂಟರ್ ಮುಚ್ಚಿ ತೆರೆದಳು. ಅಳಿಸಿದವುಗಳ ಫೋಲ್ಡರ್ ಜಾಲಾಡಿದಳು. ರದ್ದಿ ಇಮೇಲುಗಳಲ್ಲಿ ಹುಡುಕಿದಳು. ಕೊನೆಗೆ ಖಾಜಾಸಾಬರಿಗೆ ಫೋನು ಮಾಡಿದಳು. ಅವರು ಬೆಳಗಾವಿಯಲ್ಲಿದ್ದರು, ಬರುವುದು ಬುಧವಾರವೇ.

“ಹೆದರಬ್ಯಾಡ್ರಿ ಬಾಯಾರ, ಇಂಥವು ಎಲ್ಲಿ ಹೋಗೂದಿಲ್ಲ,” ಅಂದರು ಅವರು. “ಬ್ಯಾರೆ ಫೋಲ್ಡರಿನಾಗ ಹೊಕ್ಕೊಂಡಿರ್ತಾವ. ಎಡಗಡೆ ಇರೂವು ಒಂದೊಂದ ತಗದು ನೋಡ್ರಿ.”

ಅವಳು ಒಂದೊಂದೇ ತೆರೆದಳು. ಬಾಣ ಮೇಲಿನಿಂದ ಇಳಿಯುತ್ತಾ ಬಂತು. ‘ಲಗ್ನ ಕೂಡಿದವರು’ ಎಂಬಲ್ಲಿ ನಿಂತಿತು. ಅದರ ಪಕ್ಕದಲ್ಲಿ ಸಣ್ಣದೊಂದು ಕೂಡುವ ಚಿಹ್ನೆ ಹೊಸದಾಗಿ ಹುಟ್ಟಿತ್ತು, ಒಳಗೆ ಏನೋ ಇದೆ ಎಂಬ ಗುರುತು. ಅವಳ ಬೆರಳು ನನ್ನ ಗುಂಡಿಯ ಎಡ ಅಂಚಿನ ಮೇಲೆ ಬಂತು. ಒತ್ತು ತಾಯಿ, ಅಂದೆ. ಒಂದೇ ಸಲ ಒತ್ತು, ನಿನ್ನ ಕಾಲಿಗೆ ಬೀಳುತ್ತೇನೆ! ಬೆರಳು ಅಲ್ಲೇ ನಿಂತಿತು. ನಿಂತು, ಹಿಂದಕ್ಕೆ ಹೋಯಿತು.

“ಎಲ್ಲಾ ನೋಡಿದ್ರೇನ್ರಿ?” ಎಂದರು ಖಾಜಾಸಾಬರು.

“ನಾ ನೋಡೂವಷ್ಟು ಎಲ್ಲಾ ನೋಡಿನ್ರಿ,” ಅಂದಳು ದಾಕ್ಷಾಯಣಿ.

ಮಂಗಳವಾರವೂ ಅದೇ ಕಥೆ. ನಾಲ್ಕು ಸಲ ಆ ಫೋಲ್ಡರಿನವರೆಗೆ ಬಂದಳು, ನಾಲ್ಕು ಸಲವೂ ಹಿಂದೆ ಸರಿದಳು. ಬಾಗಿಲು ಮುಚ್ಚಿತ್ತು, ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೊಟ್ಟ ಮಾತು ಅಂದರೆ ಮಾತು, ಅದರಲ್ಲೂ ಒಳಗಿರುವುದು ಮಗಳ ಹೆಸರು ಅಂದುಕೊಂಡಿದ್ದಳಲ್ಲ! ತನ್ನ ಕಣ್ಣು ಬಿದ್ದರೂ ಮಗಳಿಗೆ ಕೇಡು ಎಂದು ಹೆದರಿದಳು. ನನಗೆ ಸಿಟ್ಟು ಬಂತು, ಅಳುವೂ ಬಂತು.

ಬುಧವಾರ ಖಾಜಾಸಾಬರು ಬಂದರು. ಐವತ್ತು ದಾಟಿದ, ಮೆಲುಮಾತಿನ ಮನುಷ್ಯ. ಶಶಿಕಲಕ್ಕ ಸೋಫಾದಲ್ಲಿ ಕೂತಿದ್ದಳು, ಪಕ್ಕದಲ್ಲಿ ಸೋಮವಾರದ ಅದೇ ಇಬ್ಬರು ತಾಯಂದಿರು. ಖಾಜಾಸಾಬರು ನನ್ನನ್ನು ಹಿಡಿದು ನೇರವಾಗಿ ಆ ಕೂಡುವ ಚಿಹ್ನೆಯನ್ನು ಒತ್ತಿದರು. ಹನ್ನೊಂದು ನೂರು ಹೆಸರು ಪರದೆಯ ತುಂಬ ಸುರಿದವು.

“ಸಿಕ್ಕವಲ್ರಿ!” ಎಂದು ದಾಕ್ಷಾಯಣಿ ಕೂಗಿದಳು. ಎಲ್ಲಿ ಸಿಕ್ಕವು ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಶಶಿಕಲಕ್ಕನಿಗೆ ಮೊದಲೇ ಹೊಳೆದಿತ್ತು. “ಆ ಫೋಲ್ಡರಿನಾಗ ಕೈ ಹಾಕಿದವ್ರು ಯಾರು?” ಅಂದಳು.

“ಯಾರರ ತಪ್ಪಿ ಎಳದಿರ್ತಾರ್ರಿ,” ಖಾಜಾಸಾಬರು ಅಂದರು. “ಎಲ್ಲಾ ಸಿಕ್ತಲ್ರಿ, ಬಿಡ್ರಿ ಅದನ್ನ.”

“ಸಿಕ್ಕಿದ್ದು ದೊಡ್ಡದಲ್ಲ, ಮುಟ್ಟಿದ್ದು ದೊಡ್ಡದು. ಮಗಳ ಹೆಸರು ತಾನ ಎಳೀಬೇಕಂತ ಸೋಮವಾರ ನನ್ನ ಕೇಳಿದ್ಲು. ಇವ್ರ ಮುಂದನ ಕೇಳಿದ್ಲು, ಹೌದಿಲ್ರೀ?”

ಇಬ್ಬರು ತಾಯಂದಿರೂ ತಲೆಯಾಡಿಸಿದರು. ಕೇಳಿದ್ದು ಖರೆ ಇತ್ತಲ್ಲ.

“ನಾ ಬ್ಯಾಡಂದೆ. ನಾ ಮನೀಗೆ ಹೋದಕೂಡ್ಲೆ ಕೈ ಹಾಕ್ಯಾಳ. ಒಂದು ಹೆಸರು ಎಳ್ಯಾಕ ಹೋಗಿ ಎಲ್ಲಾರನೂ ಎಳದಾಳ. ಹನ್ನೊಂದನೂರು ಮನಿತನದ ಮ್ಯಾಲೆ ಈಕಿ ಕೈ!”

“ಇಲ್ಲರೀ ಅಕ್ಕಾರ,” ಅಂದಳು ದಾಕ್ಷಾಯಣಿ. “ನಾ ಅದನ್ನ ತಗದೂ ನೋಡಿಲ್ರಿ. ನಾನ ಎಳದಿದ್ರ ಎಲ್ಲೈತಂತ ನನಗ ಗೊತ್ತಿರ್ತಿತ್ತಲ್ರಿ? ಎರಡು ದಿನ ಯಾಕ ಹುಡುಕ್ತಿದ್ದೆ?”

“ಗೊತ್ತಿದ್ದನ ನಾಟಕ ಮಾಡಿದಿ.”

ದಾಕ್ಷಾಯಣಿ ಖಾಜಾಸಾಬರ ಕಡೆ ತಿರುಗಿದಳು. “ನೀವರ ಹೇಳ್ರಿ. ಇದು ಯಾವಾಗ ಆಗೈತಿ ಅನ್ನೂದು ಅದರಾಗ ಗೊತ್ತಾಗಂಗಿಲ್ಲೇನ್ರಿ?”

ಖಾಜಾಸಾಬರ ಅಂಗೈ ನನ್ನ ಮೇಲಿತ್ತು. ಅವರು ಎಲ್ಲೋ ಒತ್ತಿದರು, ಏನೋ ಓದಿದರು, ಅಂಗೈ ಬಿಗಿಯಿತು. ಸೋಮವಾರ, ಹನ್ನೊಂದೂವರೆ. ಸೋಫಾದವರೂ ಇದ್ದ ಹೊತ್ತು, ಶಶಿಕಲಕ್ಕ ಕುರ್ಚಿಯಲ್ಲಿ ಕೂತಿದ್ದ ಹೊತ್ತು. ಆದರೆ ಶಶಿಕಲಕ್ಕನ ಕೇಂದ್ರ, ಅವಳ ಗಂಡನ ಅಂಗಡಿ, ಅಳಿಯನ ಶಾಲೆ, ಇಷ್ಟೂ ಕಡೆಯ ಕಂಪ್ಯೂಟರುಗಳ ರಿಪೇರಿ ಖಾಜಾಸಾಬರ ಕೈಯಲ್ಲಿತ್ತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಅದು ಹಂಗ ಗೊತ್ತಾಗೂದಿಲ್ರಿ ಬಾಯಾರ,” ಅಂದರು.

ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತೀರಿ ನೀವು. ಇಲ್ಲಿ ತಿಂದವರೇ ಬೇರೆ, ಕುಡಿದವರೇ ಬೇರೆ.

ಶಶಿಕಲಕ್ಕ ಅಲ್ಲಿಂದಲೇ ಮುಧೋಳಕ್ಕೆ ಫೋನು ಮಾಡಿದಳು. ಎಲ್ಲರ ಎದುರು, ದಾಕ್ಷಾಯಣಿಯ ಎದುರೇ. “ನಾಳೆ ನಿಮಗ ಗೊತ್ತಾಗಿ ನನ್ನ ಮ್ಯಾಲೆ ಮಾತು ಬರಬಾರ್ದು ನೋಡ್ರಿ,” ಎಂದು ಶುರುಮಾಡಿದಳು. “ಹುಡುಗಿ ಬಂಗಾರದಂಥಾಕಿ. ತಾಯಿನ ಅಪಶಕುನ ಮಾಡಿಕೊಂಡಾಳ.” ದಾಕ್ಷಾಯಣಿ ಅವಳ ಕಾಲು ಹಿಡಿದಳು. ಕಾಲು ಬಿಡಿಸಿಕೊಳ್ಳುತ್ತಲೇ ಶಶಿಕಲಕ್ಕ ಮಾತು ಮುಗಿಸಿದಳು. ಮುಧೋಳದವರು ವಿಚಾರ ಮಾಡಿ ಹೇಳುತ್ತೇವೆ ಅಂದರು. ಹಾಗಂದರೆ ಏನು ಅಂತ ನಾಲ್ಕು ವರ್ಷ ಆ ಕೆಲಸ ಮಾಡಿದ ದಾಕ್ಷಾಯಣಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವಳು ಚೀಲ ತೆಗೆದುಕೊಂಡು ಹೋದಳು. ಖಾಜಾಸಾಬರು ಮನೆತನಗಳನ್ನೆಲ್ಲ ಎಳೆದು ಮತ್ತೆ ಮೇಲೆ ಹಾಕಿದರು. ಚೈತ್ರಾಳ ಹೆಸರೂ ಅವುಗಳ ಜೊತೆಗೇ ವಾಪಸು ಬಂತು. ಅದು ‘ಲಗ್ನ ಕೂಡಿದವರು’ ಸಾಲಿಗೆ ಸೇರಿಯೇ ಇರಲಿಲ್ಲ.

“ಈ ಮೌಸೂ ಒಯ್ಯಿರಿ,” ಅಂದಳು ಶಶಿಕಲಕ್ಕ. “ಆಕಿ ಕೈ ಹತ್ತಿದ್ದು ನನಗ ಬ್ಯಾಡ. ಹೊಸಾದು ಹಚ್ರಿ.”

ಹೀಗೆ ನಾನು ಖಾಜಾಸಾಬರ ಅಂಗಡಿಯ ಡಬ್ಬಿಗೆ ಬಂದೆ. ಬಾಲ ಸುತ್ತಿದ ಹತ್ತಿಪ್ಪತ್ತು ಇಲಿಗಳ ನಡುವೆ ಒಂದು ವರ್ಷ ಬಿದ್ದಿದ್ದೆ. ಹಂದರ ಕೇಂದ್ರಕ್ಕೆ ಏನೂ ಆಗಲಿಲ್ಲ. ಆ ಸಮಾವೇಶಕ್ಕೆ ಹಿಂದೆಂದೂ ಸೇರದಷ್ಟು ಜನ ಸೇರಿದ್ದರಂತೆ.

ಮೊನ್ನೆ ಅಂಗಡಿಯ ಮುಂದೆ ಒಂದು ದನಿ ಕೇಳಿತು. “ಹಳೇದೊಂದು ಮೌಸ್ ಸಿಗ್ತೈತೇನ್ರಿ? ಮನ್ಯಾಗ ಟೈಪಿಂಗ್ ಕೆಲಸ ಹಿಡದೀನ್ರಿ.”

ಖಾಜಾಸಾಬರು ಎದ್ದು ನಿಂತರು. ಡಬ್ಬಿಯೊಳಗೆ ಕೈಯಾಡಿಸಿ, ಎಲ್ಲ ಬಿಟ್ಟು ನನ್ನನ್ನೇ ತೆಗೆದು ಕಂಪ್ಯೂಟರಿಗೆ ಹಚ್ಚಿದರು. “ಮಗಳು ಹೆಂಗದಾಳ್ರಿ?” ಎಂದರು.

“ಅದಾಳ್ರಿ,” ಅಂದಳು ದಾಕ್ಷಾಯಣಿ.

“ಬಾಯಾರ, ಅವತ್ತ ನನಗ ಗೊತ್ತಾಗಿತ್ರಿ. ಸೋಮವಾರ ಹನ್ನೊಂದೂವರೆಗೆ ಅಂತ ಅದರಾಗ ಚೊಲೋತ್ನಂಗ ಬರದಿತ್ರಿ. ನನ್ನ ಬಾಯಿಗೆ ಏನ್ ಬಡೀತೋ ಏನೋ, ಹೇಳಲಿಲ್ಲ. ಈ ಮೌಸ್ ನಿಮಗ ಹಂಗ ಕೊಡ್ತೀನ್ರಿ. ರೊಕ್ಕ ಬ್ಯಾಡ.”

ಅವಳ ಅಂಗೈ ನನ್ನ ಮೇಲೆ ಬಂತು. ಹೆಬ್ಬೆರಳಿನ ಬುಡದ ಅದೇ ಗೆರೆ. ಚಕ್ರದ ಸಂದಿಯ ಕುಂಕುಮವನ್ನು ಅವಳ ಬೆರಳು ಗುರುತು ಹಿಡಿಯಿತು, ಅಲ್ಲೇ ಒಂದು ಗಳಿಗೆ ನಿಂತಿತು. ಬಳಿಕ ಗುಂಡಿಯ ಎಡ ಅಂಚಿಗೆ ಹೋಗಿ, ಎಂದಿನಂತೆ ಮೆಲ್ಲಗೆ ಒತ್ತಿತು.

ಪರದೆಯಲ್ಲಿ ಏನೂ ತೆರೆಯಲಿಲ್ಲ. ಅವಳು ಇನ್ನೊಮ್ಮೆ ಒತ್ತಿದಳು. ಇದ್ದಬದ್ದ ಜೀವವನ್ನೆಲ್ಲ ಆ ಗುಂಡಿಗೆ ತಂದೆ, ದೇವರಾಣೆ ತಂದೆ. ಟಕ್ ಎಂಬ ಸದ್ದು ಕೂಡ ಬರಲಿಲ್ಲ.

“ಇದು ಸತ್ತೈತ್ರಿ,” ಅಂದಳು ದಾಕ್ಷಾಯಣಿ. ನನ್ನ ಬಾಲವನ್ನು ನೀಟಾಗಿ ಸುತ್ತಿ, ಡಬ್ಬಿಯೊಳಗೆ ಇಟ್ಟಳು. “ಬ್ಯಾರೆದು ಕೊಡ್ರಿ. ಅದರ ರೊಕ್ಕ ನಾ ಕೊಡ್ತೀನಿ.”